ಹೊರುವವನ ತೂಕ

ಮೇಕೆ ನಿಲ್ಲುವುದಿಲ್ಲ. ಮೇಕೆ ಸಂಶೋಧನಾ ಸಂಸ್ಥೆಯು ತನ್ನ ಮೊದಲ ವರ್ಷದಲ್ಲಿ ಕಂಡುಹಿಡಿದ ಸತ್ಯ ಇದೊಂದೇ. ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ ಅದು ಹಾರುತ್ತದೆ, ಇಲ್ಲವೇ ಹಿಕ್ಕೆ ಹಾಕಿ ಇಳಿದುಹೋಗುತ್ತದೆ. ಆದ್ದರಿಂದ ಸಂಸ್ಥೆ ಒಂದು ವಿಧಾನವನ್ನು ಅಂಗೀಕರಿಸಿತು. ಒಬ್ಬ ಮನುಷ್ಯನು ಮೇಕೆಯನ್ನು ಎತ್ತಿಕೊಂಡು ಯಂತ್ರದ ಮೇಲೆ ನಿಲ್ಲತಕ್ಕದ್ದು. ಬಂದ ತೂಕದಲ್ಲಿ ಮನುಷ್ಯನ ತೂಕವನ್ನು ಕಳೆಯತಕ್ಕದ್ದು. ಉಳಿದದ್ದು ಮೇಕೆ.

ವಿಧಾನದಲ್ಲಿ ದೋಷವಿಲ್ಲ. ಇವತ್ತಿನವರೆಗೆ ಯಾರೂ ಹುಡುಕಿಲ್ಲ.

ಹೀಗೆ ಎತ್ತಿಕೊಳ್ಳುವ ಮನುಷ್ಯನ ಹುದ್ದೆಗೆ 'ಹೊರುವವ' ಎಂದು ಹೆಸರು. ಸಂಸ್ಥೆಯಲ್ಲಿ ಮೂರು ಹೊರುವವರ ಹುದ್ದೆಗಳಿದ್ದವು. ಒಂದರಲ್ಲಿ ಕಡ್ಡಿ ಇದ್ದ, ಇನ್ನೊಂದರಲ್ಲಿ ಗುಂಡ ಇದ್ದ, ಮೂರನೆಯದು ಖಾಲಿ ಇತ್ತು.

ಕಡ್ಡಿ ಕೆಲಸಕ್ಕೆ ಸೇರಿದ ದಿನ ಅವನ ತೂಕ ನಲವತ್ತೆಂಟು ಕಿಲೋ. ಗಾಳಿ ಬಂದರೆ ಬಾಗಿಲು ಹಿಡಿದು ನಿಲ್ಲುತ್ತಿದ್ದ. ಗುಂಡ ತೊಂಬತ್ತೆರಡು. ಇಬ್ಬರ ತೂಕವನ್ನೂ ಕಚೇರಿಯವರು ಅವರವರ ಸೇವಾ ಪುಸ್ತಕದಲ್ಲಿ ಬರೆದು ಮೊಹರು ಒತ್ತಿದರು. ಸಿಬ್ಬಂದಿಯ ತೂಕವು ಅವನ ಹುಟ್ಟಿದ ತಾರೀಖಿನಂತೆಯೇ ಸೇವೆಗೆ ಸಂಬಂಧಿಸಿದ ವಿಷಯ. ಹುಟ್ಟಿದ ತಾರೀಖು ಬದಲಾಗುವುದಿಲ್ಲ. ತೂಕವೂ ಬದಲಾಗುವುದಿಲ್ಲ. ನಿವೃತ್ತಿಯಾಗುವ ದಿನದವರೆಗೆ ಕಡ್ಡಿಯ ತೂಕ ನಲವತ್ತೆಂಟು, ಗುಂಡನದು ತೊಂಬತ್ತೆರಡು.

ಆ ವರ್ಷ ಸಂಸ್ಥೆ ಒಂದು ಮಹತ್ವದ ಪ್ರಯೋಗವನ್ನು ಕೈಗೊಂಡಿತು. ಮೇಯಿಸುವ ಪದ್ಧತಿ, ಕಟ್ಟಿ ಸಾಕುವ ಪದ್ಧತಿ, ಮಿಶ್ರ ಪದ್ಧತಿ, ಇವು ಮೂರರಿಂದ ಮೇಕೆಯ ಬೆಳವಣಿಗೆಯ ಮೇಲೂ ಸಂತಾನೋತ್ಪತ್ತಿಯ ಮೇಲೂ ಆಗುವ ಪರಿಣಾಮವೇನು ಎಂಬುದು ಪ್ರಶ್ನೆ. ಮೇಯುವ ಗುಂಪು ಗುಂಡನ ಪಾಲಿಗೆ ಬಂತು. ಕಟ್ಟಿ ಹಾಕಿದ ಎರಡನೇ ಗುಂಪು ಕಡ್ಡಿಗೆ. ಬೆಳಿಗ್ಗೆ ಮೇದು ಸಂಜೆ ಕೊಟ್ಟಿಗೆಯಲ್ಲಿ ಹಿಂಡಿ ತಿನ್ನುವ ಮಿಶ್ರ ಗುಂಪಿಗೆ ಹೊರುವವನಿಲ್ಲದ ಕಾರಣ ಆ ಮೇಕೆಗಳಿಗೆ ತೂಕವಿರಲಿಲ್ಲ. ಅವು ಹಿತ್ತಲ ಕಡೆಯ ಕೊಟ್ಟಿಗೆಯಲ್ಲಿ ಚೆನ್ನಾಗಿ ತಿಂದು, ಚೆನ್ನಾಗಿ ಮರಿ ಹಾಕಿ, ಯಾರ ಗಮನಕ್ಕೂ ಬಾರದೆ ಇದ್ದವು.

ಪ್ರಯೋಗದ ಹೊಣೆ ಹೊತ್ತವರು ಆಹಾರ ತಜ್ಞೆ. ಬಿಳಿ ಕೋಟು, ಜೇಬಿನಲ್ಲಿ ಎರಡು ಪೆನ್ನು. ಅವರ ಮೇಲೆ ನಿರ್ದೇಶಕರು. ನಿರ್ದೇಶಕರಿಗೆ ಮೇಕೆಯ ವಾಸನೆ ಆಗುತ್ತಿರಲಿಲ್ಲ. ಆದ್ದರಿಂದ ಅವರು ಮೇಕೆಯನ್ನು ಗ್ರಾಫಿನಲ್ಲಿ ಮಾತ್ರ ನೋಡುತ್ತಿದ್ದರು. ಗ್ರಾಫಿನಲ್ಲಿ ಮೇಕೆ ಒಂದು ಗೆರೆ. ಗೆರೆ ಮೇಲಕ್ಕೆ ಹೋದರೆ ಅವರು ಚಹಾ ತರಿಸುತ್ತಿದ್ದರು. ಕೆಳಕ್ಕೆ ಬಂದರೆ ಗುಂಡನನ್ನು ಕರೆಸುತ್ತಿದ್ದರು.

ಮೊದಲ ವಾರದಲ್ಲೇ ಕಡ್ಡಿಯ ಗುಂಪಿನ ಒಂದು ಮೇಕೆಗೆ ಹೊಟ್ಟೆ ಕೆಟ್ಟಿತು. ಕೂಡಲೇ ಸುತ್ತೋಲೆ ಹೊರಟಿತು.

"ಇನ್ನು ಮುಂದೆ ಮೇಕೆಗಳಿಗೆ ಕೊಡುವ ಹಿಂಡಿ, ಜೋಳ, ಬೇಯಿಸಿದ ಹುರುಳಿ ಹಾಗೂ ಬೆಲ್ಲವನ್ನು ಹೊರುವವನು ಮೊದಲು ತಿಂದು ನೋಡತಕ್ಕದ್ದು. ಸ್ವಲ್ಪ ಹೊತ್ತು ಕಾಯತಕ್ಕದ್ದು. ಹೊರುವವನು ಜೀವಂತವಾಗಿದ್ದಲ್ಲಿ ಮಾತ್ರ ಆಹಾರವನ್ನು ಮೇಕೆಗೆ ಹಾಕತಕ್ಕದ್ದು."

ಕಡ್ಡಿ ಹುಟ್ಟಿದಾರಭ್ಯ ಹೊಟ್ಟೆ ತುಂಬ ತಿಂದವನಲ್ಲ. ಸುತ್ತೋಲೆ ಓದಿದ. ಇನ್ನೊಮ್ಮೆ ಓದಿದ. ಬಕೀಟಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಒಂದು ಹಿಡಿ ಹುರುಳಿಗೆ ಒಂದು ಚೂರು ಬೆಲ್ಲ. ಬೆಲ್ಲ ಹೆಚ್ಚಾಯಿತೆಂದು ಇನ್ನೊಂದು ಹಿಡಿ ಹುರುಳಿ. ಹುರುಳಿ ಹೆಚ್ಚಾಯಿತೆಂದು ಇನ್ನೊಂದು ಚೂರು ಬೆಲ್ಲ. ಪ್ರತಿ ಮೇಕೆಯ ಬಕೀಟಿಗೂ ಪರೀಕ್ಷೆ ಪ್ರತ್ಯೇಕ. ನಿಯಮ ಅಂದರೆ ನಿಯಮ.

ತಿಂಗಳು ಕಳೆಯುವಷ್ಟರಲ್ಲಿ ಅವನ ಕೆನ್ನೆ ತುಂಬಿತು. ಮೇಕೆಯನ್ನು ಎತ್ತಿಕೊಂಡು ಯಂತ್ರದ ಮೇಲೆ ನಿಂತ. ತಜ್ಞೆ ಮುಳ್ಳು ನೋಡಿದರು, ನಲವತ್ತೆಂಟು ಕಳೆದರು, ಮತ್ತೊಮ್ಮೆ ಕಳೆದರು.

"ಅಬ್ಬಾ! ಎಂಥಾ ಬೆಳವಣಿಗೆ! ಏನು ಹಾಕ್ದೆ ಇದಕ್ಕೆ?"

"ಹುರುಳಿ, ಬೆಲ್ಲ, ಮೇಡಂ."

"ಎಷ್ಟು?"

"ಹೊಟ್ಟೆ ತುಂಬ, ಮೇಡಂ." ಯಾರ ಹೊಟ್ಟೆ ಎಂದು ಅವರು ಕೇಳಲಿಲ್ಲ.

ಸಂಶೋಧಕರ ಕಣ್ಣು ಸೂಕ್ಷ್ಮ. ಒಮ್ಮೆ ಕಡ್ಡಿಗೆ ಜ್ವರ ಬಂದು ಅವನು ವಾರವಿಡೀ ಗಂಜಿ ಕುಡಿದ. ಆ ವಾರ ಮೇಕೆಗಳೆಲ್ಲ ಒಟ್ಟಿಗೆ ಇಳಿದವು. ತಜ್ಞೆಗೆ ಅನುಮಾನ ಹುಟ್ಟಿತು. ಪರೀಕ್ಷೆ ಮಾಡಿದರು. ಆಹಾರವನ್ನೆಲ್ಲ ಮೇಕೆಗೆ ಕೊಟ್ಟು ಕಡ್ಡಿಯನ್ನು ಉಪವಾಸ ಕೆಡವಿದರು. ಮೇಕೆಗಳ ತೂಕ ಇಳಿಯಿತು. ಆಹಾರವನ್ನೆಲ್ಲ ಕಡ್ಡಿಗೆ ಕೊಟ್ಟು ಮೇಕೆಗಳಿಗೆ ಒಣಹುಲ್ಲು ಹಾಕಿದರು. ಏರಿತು. ತಜ್ಞೆ ಕೈ ತೊಳೆದುಕೊಂಡು ಬಂದು ವರದಿ ಬರೆದರು: "ಆಹಾರವನ್ನು ಹೊರುವವನ ಮೂಲಕ ಕೊಟ್ಟಾಗ ಅದು ಮೇಕೆಗೆ ಹೆಚ್ಚು ಮೈಗೂಡುತ್ತದೆ."

ನಿರ್ದೇಶಕರು ಚಹಾ ತರಿಸಿದರು. ಗ್ರಾಫನ್ನು ಗೋಡೆಗೆ ಹಾಕಿಸಿದರು. ಗೋಡೆ ಸಾಲದೆ ಗೆರೆಯ ತುದಿಯನ್ನು ಚಾವಣಿಯ ಮೇಲೆ ಎಳೆಸಿದರು.

ಒಬ್ಬ ಕಡ್ಡಿ ಎಷ್ಟೆಂದು ತಿಂದಾನು? ಮೇಕೆಗಳ ಆಹಾರ ಚೀಲಗಟ್ಟಲೆ ಉಳಿಯತೊಡಗಿತು. ಉಳಿದ ಆಹಾರದ ವೈಜ್ಞಾನಿಕ ವಿಲೇವಾರಿಗೆ ಒಂದು ಸಮಿತಿ ರಚನೆಯಾಯಿತು. ಸಮಿತಿಯ ಸದಸ್ಯರ ಮನೆಯಲ್ಲೆಲ್ಲ ಹಸುಗಳಿದ್ದವು. ಇಲ್ಲದವರು ಸದಸ್ಯರಾದ ಮೇಲೆ ಕೊಂಡರು.

ಗುಂಡನ ಕತೆ ಬೇರೆ. ಅವನ ಮೇಕೆಗಳು ಗುಡ್ಡ ಹತ್ತಿ ಗುಡ್ಡ ಇಳಿದು ಸೊಪ್ಪು ಮೇಯ್ದು ಮೈ ಮಿರಮಿರ ಮಿಂಚುತ್ತಿದ್ದವು. ಅವುಗಳ ಹಿಂದೆ ಓಡಿ ಓಡಿ ಗುಂಡ ಕರಗಿದ. ಯಂತ್ರದ ಮೇಲೆ ಅವನು ಮೇಕೆ ಸಮೇತ ನಿಂತರೂ ತೊಂಬತ್ತೆರಡು ಮುಟ್ಟುತ್ತಿರಲಿಲ್ಲ. ಅವನಿಗೊಂದು ನೋಟೀಸು ಬಂತು.

"ನಿಮ್ಮ ಗುಂಪಿನ ಕಪ್ಪು ಮೇಕೆಯ ತೂಕವು ಸೊನ್ನೆಗಿಂತ ನಾಲ್ಕು ಕಿಲೋ ಕಡಿಮೆ ಇರುವುದು ಕಂಡುಬಂದಿದೆ. ಸದರಿ ಮೇಕೆಯು ಇಲ್ಲದೇ ಇರುವುದಕ್ಕಿಂತಲೂ ಕಡಿಮೆಯಾಗಿರಲು ಕಾರಣವೇನೆಂದು ವಿವರಣೆ ನೀಡತಕ್ಕದ್ದು."

ಗುಂಡ ನೋಟೀಸು ಹಿಡಿದು ಕಡ್ಡಿಯ ಹತ್ತಿರ ಬಂದ. ಕಡ್ಡಿ ಹುರುಳಿ ಬಕೀಟಿನ ಮುಂದೆ ಕೂತಿದ್ದ. ಅವನ ತೂಕ ತಾಳದೆ ಎರಡು ಕುರ್ಚಿ ಮುರಿದ ಮೇಲೆ ಬಡಗಿಯಿಂದ ಕಲ್ಲಿನಂಥ ಸ್ಟೂಲು ಮಾಡಿಸಿದ್ದರು.

"ನೋಡೋ ಕಡ್ಡಿ. ನನ್ನ ಮೇಕೆ ಸಂಸ್ಥೆಗೇ ನಾಲ್ಕು ಕಿಲೋ ಬಾಕಿಯಂತೆ."

"ಮೇಕೆ ಚೆನ್ನಾಗೇ ಇದೆಯಲ್ಲೋ. ಕೋಡು ಹಿಡಿದರೆ ಎಳ್ಕೊಂಡು ಹೋಗುತ್ತೆ."

"ಅದನ್ನೇ ಬರೆದುಕೊಟ್ಟೆ. ಇಲ್ಲದ ಮೇಕೆ ಹೇಗೆ ಎಳೆಯುತ್ತೆ ಅಂತ ಇನ್ನೊಂದು ನೋಟೀಸು ಕೊಟ್ಟಿದ್ದಾರೆ."

ಗುಂಡ ಬಕೀಟಿನ ಕಡೆ ನೋಡಿದ. ಕಡ್ಡಿ ಅವನ ಕಡೆಗೆ ಬಕೀಟು ತಳ್ಳಿದ. ಗುಂಡ ಕೈ ಹಾಕಲಿಲ್ಲ. ಒಂದು ಗುಂಪಿನ ಆಹಾರ ಇನ್ನೊಂದು ಗುಂಪಿಗೆ ಹೋದರೆ ಪ್ರಯೋಗ ಕೆಡುತ್ತದೆ.

ಕಡ್ಡಿಗೆ ಒಳಗೊಳಗೇ ಒಂದು ಸಂಕಟವಿತ್ತು. ಒಣಹುಲ್ಲು ತಿನ್ನುವ ಅವನ ಮೇಕೆಗಳು ದಿನೇ ದಿನೇ ಹಗುರಾಗುತ್ತಿದ್ದವು. ಬೆನ್ನುಮೂಳೆ ಅಂಗೈಗೆ ಚುಚ್ಚುತ್ತಿತ್ತು. ಧೈರ್ಯ ಮಾಡಿ ನಿರ್ದೇಶಕರ ಕೋಣೆಯ ಬಾಗಿಲಲ್ಲಿ ನಿಂತ. ಒಳಗೆ ಹೋಗಲು ಬಾಗಿಲಿನ ಇನ್ನೊಂದು ರೆಕ್ಕೆಯನ್ನೂ ತೆಗೆಯಬೇಕಿತ್ತು.

"ಸಾರ್, ನನ್ನ ಮೇಕೆಗಳು ಎತ್ತಿದರೆ ಹತ್ತಿ ಎತ್ತಿದ ಹಾಗಿವೆ ಸಾರ್."

ನಿರ್ದೇಶಕರು ಚಾವಣಿಯ ಗೆರೆ ನೋಡಿದರು. "ಎಪ್ಪತ್ತು ಕಿಲೋ ಇದೆ ಕಣಪ್ಪಾ ಮೇಕೆ."

"ಕೈಗೆ ಹಾಗೆ ಅನ್ಸಲ್ಲ ಸಾರ್."

"ನೀನು ಬಲವಾಗಿದ್ದೀಯ. ಅದಕ್ಕೇ ಹಗುರ ಅನ್ಸುತ್ತೆ."

ಕಡ್ಡಿ ಯೋಚಿಸಿದ. ಮಾತು ಸರಿ ಅನ್ನಿಸಿತು.

ಅವನ ಮನೆ ಇದ್ದದ್ದು ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿ. ಮೊದಲು ಮೆಟ್ಟಿಲನ್ನು ಎರಡೆರಡಾಗಿ ಹಾರಿ ಹತ್ತುತ್ತಿದ್ದವನು ಈಗ ಇಸ್ತ್ರಿಯವನ ಬೆಂಚಿನ ಮೇಲೊಮ್ಮೆ, ನಡು ಮೆಟ್ಟಿಲಿನಲ್ಲೊಮ್ಮೆ, ಬಾಗಿಲ ಹೊರಗೊಮ್ಮೆ ಕೂತು ಸುಧಾರಿಸಿಕೊಳ್ಳಬೇಕಿತ್ತು. ಅವನ ಹೆಂಡತಿ ಮನೆಯಲ್ಲೇ ಹೊಲಿಗೆ ಹೊಲಿಯುವವಳು. ಸಂಸ್ಥೆ ಸಮವಸ್ತ್ರವನ್ನು ನಲವತ್ತೆಂಟು ಕಿಲೋ ಅಳತೆಗೇ ಕೊಡುತ್ತಿತ್ತು. ಮೂರು ಜೊತೆ ಬಿಚ್ಚಿ ಒಂದು ಜೊತೆ ಹೊಲಿಯುತ್ತಿದ್ದಳು. ಎದೆಯ ಮೇಲೆ ಮೂರು ಜೇಬು ಬಂದಿದ್ದವು.

"ರೀ, ನೀವು ಅಲ್ಲಿ ಮೇಕೆ ಸಾಕ್ತೀರೋ, ಮೇಕೆ ನಿಮ್ಮನ್ನ ಸಾಕುತ್ತೋ?"

"ಅದೇ ಪ್ರಯೋಗ ಕಣೇ. ಇನ್ನೂ ಗೊತ್ತಾಗಿಲ್ಲ."

ಅವಳು ಆಗ ಬಸುರಿ. ಅವಳನ್ನು ತೋರಿಸಲು ಹೋದಾಗ ವೈದ್ಯರು ಅವಳನ್ನು ಬಿಟ್ಟು ಇವನನ್ನೇ ನೋಡಿದರು. ಎದೆಗೆ ಕೊಳವೆ ಹಚ್ಚಿದರು. ಮಂಡಿ ಒತ್ತಿದರು.

"ನೂರು ದಾಟಿದ್ದೀಯ. ಹೀಗೇ ಹೋದ್ರೆ ಮಗು ಅಂಬೆಗಾಲಿಡೋದನ್ನ ನೋಡೋಕೆ ನೀನಿರಲ್ಲ. ಇಳಿಸು."

ಹೆಂಡತಿ ಅವನನ್ನು ಕರೆದುಕೊಂಡು ಹೊರಟಳು. ಮನೆಯ ಕೆಳಗೆ ಬಂದಾಗ ಅವನು ಬೆಂಚಿನ ಮೇಲೆ ಕೂತ. ಅವಳು ಹೊಟ್ಟೆ ಹೊತ್ತುಕೊಂಡು ಸರಸರ ಹತ್ತಿಹೋದಳು. ಮೇಲಿಂದ ಕೂಗಿದಳು: "ಇಬ್ಬರಲ್ಲಿ ಬಸುರಿ ಯಾರು ಅಂತ ಇಸ್ತ್ರಿಯಣ್ಣನ್ನ ಕೇಳಿ!"

ಇಸ್ತ್ರಿಯವನು ಕೆಂಡ ಊದುತ್ತ, "ನನ್ನನ್ನ ಕೇಳ್ಬೇಡಪ್ಪ," ಅಂದ.

ಮರುದಿನ ಕಡ್ಡಿ ತೂಕ ಇಳಿಸಲು ಅನುಮತಿ ಕೋರಿ ಅರ್ಜಿ ಕೊಟ್ಟ. ನಿರ್ದೇಶಕರು ಅವನನ್ನು ಕರೆಸಿ ಅನುಕಂಪದಿಂದಲೇ ಮಾತಾಡಿದರು.

"ನೋಡಪ್ಪ ಕಡ್ಡಿ, ನಿನ್ನ ತೂಕ ಎಷ್ಟು?"

"ನಲವತ್ತೆಂಟು ಸಾರ್."

"ಅಷ್ಟು ನಿಂದು. ಅದನ್ನ ಏನಾದರೂ ಮಾಡ್ಕೋ. ಅದರ ಮೇಲಿನದ್ದು ಯಾರದು?"

"ಮೇಕೆದು ಸಾರ್."

"ಮೇಕೆ ಯಾರದು?"

"ಸಂಸ್ಥೆದು."

"ಸಂಸ್ಥೆಯ ಮೇಕೆಯನ್ನ ನೀನು ಮನೇಲಿ ಕೂತು ಕರಗಿಸಿಬಿಟ್ರೆ ಅದನ್ನ ಏನಂತಾರೆ? ನೀನೇ ಹೇಳು. ನಾನು ಹೇಳಿದ್ರೆ ಕೆಟ್ಟದಾಗಿ ಕೇಳುತ್ತೆ."

ಕಡ್ಡಿ ತಲೆ ತಗ್ಗಿಸಿದ. ತನ್ನ ಹೊಟ್ಟೆ ಕಂಡಿತು. ಬೇರೆಯವರ ಸ್ವತ್ತನ್ನು ನೋಡುವ ಹಾಗೆ ನೋಡಿದ. "ಮೇಯುವ ಗುಂಪಿಗಾದ್ರೂ ಹಾಕಿ ಸಾರ್. ಗುಡ್ಡ ಹತ್ತಿ ಇಳಿದ್ರೆ..."

"ವರ್ಗಾವಣೆಯಾ? ಪ್ರಯೋಗ ಮುಗಿಯೋವರೆಗೆ ಆಗಲ್ಲ."

"ಯಾವಾಗ ಮುಗಿಯುತ್ತೆ ಸಾರ್?"

"ಸಂತಾನೋತ್ಪತ್ತಿ ಆದ ಮೇಲೆ."

ಅಲ್ಲೇ ತೊಡಕಿದ್ದದ್ದು. ಪ್ರಯೋಗದ ಹೆಸರಿನಲ್ಲಿ ಬೆಳವಣಿಗೆ ಮತ್ತು ಸಂತಾನೋತ್ಪತ್ತಿ ಎರಡೂ ಇದ್ದವು. ಬೆಳವಣಿಗೆ ಚಾವಣಿ ಮುಟ್ಟಿತ್ತು. ಸಂತಾನೋತ್ಪತ್ತಿಯ ಖಾನೆ ಖಾಲಿ. ಎಪ್ಪತ್ತು ಕಿಲೋ ತೂಗುವ ಮೇಕೆಗಳು ಒಣಹುಲ್ಲಿನ ಮೇಲೆ ನಿಲ್ಲುವುದಕ್ಕೇ ಗೋಡೆ ಹುಡುಕುತ್ತಿದ್ದವು. ಹೋತವನ್ನು ಬಿಟ್ಟರೆ ಅದೂ ಅವುಗಳ ಪಕ್ಕದಲ್ಲಿ ಒರಗಿ ಮಲಗುತ್ತಿತ್ತು. ಗುಂಡನ ಮೇಕೆಗಳು ಮರಿ ಹಾಕಿದ್ದವು ನಿಜ. ಆದರೆ ಸೊನ್ನೆಗಿಂತ ಕಡಿಮೆ ತೂಕದ ತಾಯಿಗೆ ಹುಟ್ಟಿದ ಮರಿಯನ್ನು ಲೆಕ್ಕಕ್ಕೆ ಹಿಡಿಯಲು ನಿಯಮವಿರಲಿಲ್ಲ. ಮೇಲಿನ ಕಚೇರಿಯಿಂದ ತನಿಖಾ ತಂಡ ಬರುವ ಸುದ್ದಿ ಬಂತು. ತಜ್ಞೆ ಉಗುರು ಕಚ್ಚತೊಡಗಿದರು.

ಆ ವಾರದಲ್ಲೇ ಕಡ್ಡಿಯ ಹೆಂಡತಿಗೆ ಹೆರಿಗೆಯಾಯಿತು. ಅವಳಿ ಹೆಣ್ಣುಮಕ್ಕಳು.

ಕಡ್ಡಿ ರಜೆ ಅರ್ಜಿ ಬರೆದ. ಹೊರುವವನ ಅರ್ಜಿ ಅವನ ಗುಂಪಿನ ಕಡತದ ಮೂಲಕವೇ ಹೋಗಬೇಕು. "ಎರಡನೇ ಗುಂಪು. ಹೆಂಡತಿಗೆ ಹೆರಿಗೆಯಾಗಿದೆ. ಅವಳಿ. ತಾಯಿ ಮಕ್ಕಳು ಕ್ಷೇಮ." ಗುಮಾಸ್ತರು ಓದಿ, ಕನ್ನಡಕ ಒರೆಸಿ, ಎರಡನೇ ಗುಂಪಿನಲ್ಲಿ ಹೆರಿಗೆ ಆದಲ್ಲಿ ಅದೇ ದಿನ ನಮೂದಿಸಬೇಕೆಂಬ ನಿಯಮದಂತೆ ನಮೂದಿಸಿದರು. ಅರ್ಜಿಯಲ್ಲಿ ಹೆಂಡತಿಯ ಪ್ರಸ್ತಾಪವಿತ್ತು, ಅವರು ಗಮನಿಸಿಯೂ ಇದ್ದರು. ಆದರೆ ಖಾನೆಯ ತಲೆಬರಹದಲ್ಲಿ 'ಗುಂಪು' ಎಂದಿತ್ತೇ ಹೊರತು ಯಾವ ಜಾತಿಯ ಪ್ರಾಣಿ ಎಂದು ಇರಲಿಲ್ಲ.

ತಜ್ಞೆ ನಮೂದನ್ನು ನೋಡಿದರು. ಬಹಳ ಹೊತ್ತು ನೋಡಿದರು. ಉಗುರು ಕಚ್ಚುವುದನ್ನು ಬಿಟ್ಟರು.

ಮರುದಿನ ಬೆಳಿಗ್ಗೆ ಸಂಸ್ಥೆಯ ಜೀಪು ಇಸ್ತ್ರಿ ಅಂಗಡಿಯ ಮುಂದೆ ನಿಂತಿತು. ತಜ್ಞೆ ಇಳಿದರು. ಮೂಗಿಗೆ ಕರವಸ್ತ್ರ ಹಿಡಿದು ನಿರ್ದೇಶಕರೂ ಇಳಿದರು. ತೂಕದ ಯಂತ್ರವನ್ನು ಗುಂಡ ಇಳಿಸಿದ. ಮೆಟ್ಟಿಲು ಹತ್ತಿಸಲು ಆಗದೆ ಅದನ್ನು ಇಸ್ತ್ರಿ ಮೇಜಿನ ಪಕ್ಕದಲ್ಲೇ ಇಟ್ಟರು. ತಜ್ಞೆಯ ಕೈಯಲ್ಲಿ ಮೇಕೆಯ ಕಿವಿಗೆ ಹಾಕುವ ಎರಡು ಹಳದಿ ಬಿಲ್ಲೆಗಳೂ ಕಿವಿ ತೂತು ಮಾಡುವ ಇಕ್ಕುಳವೂ ಇದ್ದವು.

ತಜ್ಞೆಯೂ ನಿರ್ದೇಶಕರೂ ಮೇಲೆ ಹತ್ತಿ ಬಂದಾಗ ಹೆಂಡತಿ ಬಾಗಿಲಲ್ಲಿ ನಿಂತಳು. ಎರಡು ಕಂಕುಳಲ್ಲಿ ಎರಡು ಮಕ್ಕಳು.

"ಅದೇನ್ರೀ ಮೇಡಂ ಕೈಯಲ್ಲಿ?"

"ಬಿಲ್ಲೆ. ಎರಡನೇ ಗುಂಪಿನ ಮರಿಗಳಿಗೆ ಹಾಕ್ಬೇಕು. ನೋವಾಗಲ್ಲ."

"ಮೊದಲು ನಿಮ್ಮ ಕಿವಿಗೆ ಹಾಕ್ಕೊಂಡು ತೋರಿಸಿ."

ತಜ್ಞೆ ಒಂದು ಹೆಜ್ಜೆ ಹಿಂದಿಟ್ಟರು. ನಿರ್ದೇಶಕರು ಕರವಸ್ತ್ರ ತೆಗೆದು ನಗೆಮುಖ ಮಾಡಿದರು.

"ನೋಡಮ್ಮ, ಇದು ಗೌರವ. ಕಟ್ಟಿ ಸಾಕಿದ ಗುಂಪಿನಲ್ಲಿ ಇದೇ ಮೊದಲ ಹೆರಿಗೆ. ಅದರಲ್ಲೂ ಅವಳಿ. ಸಂಸ್ಥೆಗೆ ನಿನ್ನಿಂದ ದೊಡ್ಡ ಉಪಕಾರ ಆಗಿದೆ."

"ನಿಮಗೆ ಉಪಕಾರ ಆಗ್ಲಿ ಅಂತ ನಾನು ಹೆತ್ತಿದ್ದಾ? ನಮ್ಮನೆಯವರ ಮೈಯಲ್ಲಿ ನಲವತ್ತೆಂಟು ಬಿಟ್ಟು ಮಿಕ್ಕಿದ್ದೆಲ್ಲ ನಿಮ್ಮದು ಅಂದ್ರಂತೆ. ಈಗ ಮಕ್ಕಳೂ ನಿಮ್ಮವಾ? ನನ್ನದೇನಿದೆ ಈ ಮನೇಲಿ, ಹೊಲಿಗೆ ಮಿಷನ್ನಾ?"

ಕೆಳಗಿನಿಂದ ಇಸ್ತ್ರಿಯವನು, "ಮಿಷನ್ನು ನನ್ನದಲ್ವೇನಮ್ಮಾ, ಬಾಡಿಗೆಗೆ ಕೊಟ್ಟಿದ್ದು," ಅಂದ.

"ನೀವು ಸುಮ್ನಿರಿ ಅಣ್ಣಾ!"

ಕಡ್ಡಿ ನಡು ಮೆಟ್ಟಿಲಲ್ಲಿ ಕೂತು ಏದುಸಿರು ಬಿಡುತ್ತಿದ್ದ. ಮೇಲಕ್ಕೂ ಕೆಳಕ್ಕೂ ಅವನೇ ಅಡ್ಡ. ಹೆಂಡತಿ ಅವನನ್ನು ನೋಡಿದಳು. ಬೆವರು ಕಿವಿಯಿಂದ ಇಳಿಯುತ್ತಿತ್ತು. ಅವಳ ದನಿ ಇಳಿಯಿತು.

"ತೂಕ ಹಾಕ್ಕೊಳ್ಳಿ. ಬರ್ಕೊಳ್ಳಿ. ಬಿಲ್ಲೆ ಬೇಕಾದ್ರೆ ತೊಟ್ಟಿಲಿಗೆ ಕಟ್ಟಿ. ಅದಕ್ಕೆ ಬದಲಾಗಿ ಇವರನ್ನ ಗುಡ್ಡಕ್ಕೆ ಕಳಿಸ್ಬೇಕು, ಮೇಕೆ ಹಿಂದೆ. ಇಲ್ಲ ಅಂದ್ರೆ ಇದು ಮೇಕೆ ಅಲ್ಲ, ಮಕ್ಕಳು ಅಂತ ನಾನೇ ಬಂದು ತನಿಖೆಯವರಿಗೆ ಹೇಳ್ತೀನಿ."

ನಿರ್ದೇಶಕರು ಕರವಸ್ತ್ರದಿಂದ ಹಣೆ ಒರೆಸಿಕೊಂಡರು. "ಗೆರೆ ಬಿದ್ದುಹೋಗುತ್ತಲ್ಲಮ್ಮಾ!"

ತಜ್ಞೆ ಅವರ ಕಿವಿಯಲ್ಲಿ ಏನೋ ಹೇಳಿದರು. ಗುಂಡನನ್ನೂ ಕಡ್ಡಿಯನ್ನೂ ಅದಲು ಬದಲು ಮಾಡಿದರೆ ಒಂದು ಗೆರೆ ಬೀಳುತ್ತದೆ, ಇನ್ನೊಂದು ಏಳುತ್ತದೆ; ಏಳುವುದನ್ನು ಮುಂದಿಟ್ಟರಾಯಿತು. ನಿರ್ದೇಶಕರ ಮುಖ ಅರಳಿತು. ಒಪ್ಪಂದವಾಯಿತು.

ಎಲ್ಲರೂ ಕೆಳಗಿಳಿದರು. ಕಡ್ಡಿ ದೊಡ್ಡ ಮಗುವನ್ನು ಎತ್ತಿಕೊಂಡು ಯಂತ್ರದ ಮೇಲೆ ನಿಂತ. ನೂರ ಆರೂವರೆ. ತಜ್ಞೆ ನಲವತ್ತೆಂಟು ಕಳೆದರು.

"ಹುಟ್ಟುತೂಕ ಐವತ್ತೆಂಟೂವರೆ ಕಿಲೋ."

ಚಿಕ್ಕದೂ ಹೆಚ್ಚು ಕಡಿಮೆ ಅಷ್ಟೇ ಬಂತು. ನಿರ್ದೇಶಕರು ಇಸ್ತ್ರಿಯವನ ಕೈ ಕುಲುಕಿದರು. ಕಡ್ಡಿಯ ಕೈಯಲ್ಲಿ ಮಗುವಿತ್ತು.

"ಹೆತ್ತವಳು ನಾನು. ಐವತ್ತೆಂಟು ಕಿಲೋ ಹೆತ್ತಿದ್ದೀನಾ?"

"ಎರಡೂ ಸೇರಿದರೆ ನೂರ ಹದಿನೇಳು," ಎಂದು ತಜ್ಞೆ ತಿದ್ದಿದರು. ದೃಢೀಕರಣ ಪತ್ರ ಬರೆದು, ಮೊಹರು ಒತ್ತಿ, ಅವಳ ಕೈಗೆ ಕೊಟ್ಟರು. ಸಂಸ್ಥೆಯ ಮೊಹರಿನಲ್ಲಿ ಒಂದು ಮೇಕೆಯ ತಲೆ ಇತ್ತು. ಮುದ್ದಾಗಿತ್ತು. ಅವಳು ಪತ್ರವನ್ನು ದಿಂಬಿನ ಕೆಳಗೆ ಇಟ್ಟಳು.

ತನಿಖಾ ತಂಡ ಬಂತು. ಗ್ರಾಫು ನೋಡಿತು, ಊಟ ಮಾಡಿತು. ಹೊರಡುವಾಗ ಅವರ ಕಾರಿಗೆ ಹಿತ್ತಲ ಕಡೆಯ ಮೇಕೆಗಳು ಅಡ್ಡ ಬಂದವು. ದಷ್ಟಪುಷ್ಟ ಮೇಕೆಗಳು, ಹಿಂದೆ ಮರಿಗಳ ದಂಡು.

"ಇವು ಯಾವ ಮೇಕೆ?"

"ಮಿಶ್ರ ಗುಂಪು ಸಾರ್. ಇವಕ್ಕೆ ತೂಕ ಇಲ್ಲ," ಅಂದರು ನಿರ್ದೇಶಕರು.

"ಹಾಗಾದ್ರೆ ಸರಿ," ಅಂದಿತು ತಂಡ. ಇಲ್ಲದ ಮೇಕೆಗಳು ದಾರಿ ಬಿಡುವವರೆಗೆ ಕಾರು ಕಾಯಿತು.

ಅದಲು ಬದಲಿನ ದಿನ ಕಡ್ಡಿ ಕಪ್ಪು ಮೇಕೆಯನ್ನು ಎತ್ತಿಕೊಂಡು ನಿಂತ. ಹಿಂದಿನ ದಿನ ಸೊನ್ನೆಗಿಂತ ನಾಲ್ಕು ಕಿಲೋ ಕಡಿಮೆ ಇದ್ದದ್ದು ಬೆಳಗಾಗುವಷ್ಟರಲ್ಲಿ ಎಂಬತ್ತು ಕಿಲೋ ಆಗಿತ್ತು. ಬಯಲಿನ ಸೊಪ್ಪಿನ ಮಹಿಮೆಯ ಮೇಲೆ ತಜ್ಞೆ ಪ್ರಬಂಧ ಬರೆದರು. ಅವರಿಗೊಂದು ಬೆಳ್ಳಿಯ ಬಟ್ಟಲು ಬಂತು. ಅದನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಗುಂಡನ ಕೈಗೆ ಬಂದ ಮೇಕೆಗಳು ಮಾತ್ರ ಅದೇ ದಿನ ಸೊನ್ನೆಯ ಕೆಳಗಿಳಿದವು. ಅವನಿಗಾಗಿ ಹುರುಳಿ ಬೇಯಿಸಲು ಹೇಳಿದರು.

ಕಡ್ಡಿ ಗುಡ್ಡ ಹತ್ತಿದ. ಮೊದಲ ವಾರ ಮೇಕೆಗಳು ಮುಂದೆ ಹೋಗಿ, ಮೇಯ್ದು, ಇವನು ಅರ್ಧ ಹತ್ತಿರುವಾಗ ಎದುರಿಗೆ ಇಳಿದು ಬರುತ್ತಿದ್ದವು. ಬರಬರುತ್ತ ಅವುಗಳ ಬಾಲ ಕಾಣುವಷ್ಟು ಹತ್ತಿರವಾದ. ಆಮೇಲೆ ಜೊತೆಯಲ್ಲಿ ನಡೆದ. ಮಧ್ಯಾಹ್ನ ಬಂಡೆಯ ನೆರಳಲ್ಲಿ ಹೆಂಡತಿ ಕಟ್ಟಿಕೊಟ್ಟ ಬುತ್ತಿ ಬಿಚ್ಚುತ್ತಿದ್ದ. ಅದು ಅಂಗೈಯಷ್ಟೇ ಇರುತ್ತಿತ್ತು. ಪ್ರತಿ ವಾರ ಒಂದು ನೋಟೀಸು ಬರುತ್ತಿತ್ತು: "ನಿಮ್ಮ ವಶದಲ್ಲಿರುವ ಮೇಕೆಗಳು ಕ್ಷೀಣಿಸುತ್ತಿವೆ." ಅವನು ಓದಿ, ಮಡಚಿ, ಕಪ್ಪು ಮೇಕೆಗೆ ಕೊಡುತ್ತಿದ್ದ. ಅದು ಓದದೆ ತಿನ್ನುತ್ತಿತ್ತು. ಹೆಂಡತಿ ಸಮವಸ್ತ್ರದ ಹೊಲಿಗೆ ಬಿಚ್ಚುತ್ತ ಬಂದಳು. ಮೂರು ಜೇಬು ಎರಡಾಯಿತು, ಎರಡು ಒಂದಾಯಿತು.

ಮಕ್ಕಳಿಗೆ ವರ್ಷ ತುಂಬುವ ಹೊತ್ತಿಗೆ ಒಂದು ದಿನ ಕಡ್ಡಿ ಮೇಕೆ ಎತ್ತಿಕೊಂಡು ಯಂತ್ರದ ಮೇಲೆ ನಿಂತಾಗ ಮುಳ್ಳು ಎಪ್ಪತ್ತೆರಡಕ್ಕೆ ನಿಂತಿತು. ತಜ್ಞೆ ನಲವತ್ತೆಂಟು ಕಳೆದರು. ಇಪ್ಪತ್ತನಾಲ್ಕು. ಅವನು ಮೇಕೆಯನ್ನು ಇಳಿಸಿದಾಗ ಮುಳ್ಳು ನಲವತ್ತೆಂಟಕ್ಕೇ ಬಂದು ನಿಂತಿತು. ಪ್ರಯೋಗ ಶುರುವಾದ ಮೇಲೆ ಮೇಕೆಯ ತೂಕ ಸರಿಯಾಗಿ ಬಂದದ್ದು ಅದೇ ಮೊದಲು. ತಜ್ಞೆ ಅದರ ಮುಂದೆ 'ಯಂತ್ರದ ದೋಷ' ಎಂದು ಬರೆದು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು.

ಕಡ್ಡಿಗೆ ಅದರ ಚಿಂತೆ ಇರಲಿಲ್ಲ. ಆ ಸಂಜೆ ಇಸ್ತ್ರಿಯವನ ಬೆಂಚಿನ ಮೇಲೆ ಕೂರಲಿಲ್ಲ. ಕೆಳಗೆ ಆಡುತ್ತಿದ್ದ ಎರಡೂ ಮಕ್ಕಳನ್ನು ಎರಡು ಕಂಕುಳಿಗೆ ಎತ್ತಿಕೊಂಡು ಒಂದೇ ಉಸಿರಿಗೆ ಮೇಲೆ ಹೋದ. ಹೆಂಡತಿ ಬಾಗಿಲು ತೆಗೆದಳು. ಅವನ ಎದೆಗೆ ಕಿವಿಯಿಟ್ಟು ಕೇಳಿದಳು.

"ಏನೇ?"

"ಏನಿಲ್ಲ. ಓಡ್ತಾ ಇದೆ."

ಮರುದಿನ ಮಕ್ಕಳಿಗೆ ಚುಚ್ಚುಮದ್ದು ಹಾಕಿಸಲು ಆಸ್ಪತ್ರೆಗೆ ಹೋದರು. ಮಕ್ಕಳನ್ನು ತೂಗುವ ತಕ್ಕಡಿ ವರ್ಷದಿಂದ ರಿಪೇರಿಯಲ್ಲಿದ್ದು ಅಂದೇ ಬಂದಿತ್ತು. ನರ್ಸಮ್ಮ ದೊಡ್ಡ ಮಗುವನ್ನು ಕೂರಿಸಿದರು.

"ಒಂಬತ್ತು ಕಿಲೋ. ಹುಟ್ಟಿದಾಗ ಎಷ್ಟಿತ್ತು?"

ಹೆಂಡತಿ ಪತ್ರ ಕೊಟ್ಟಳು. ನರ್ಸಮ್ಮ ಓದಿದರು. ಮೊಹರು ನೋಡಿದರು. ಮಗುವನ್ನು ನೋಡಿದರು.

"ಅಯ್ಯೋ ದೇವರೇ! ಐವತ್ತೆಂಟೂವರೆಯಿಂದ ಒಂಬತ್ತಕ್ಕೆ ಬಂದಿದೆ. ನೀವು ತಂದೆ ತಾಯಿನಾ, ಏನು?"

"ತಕ್ಕಡಿ ಸರಿ ಇಲ್ಲವೇನೋ," ಅಂದ ಕಡ್ಡಿ. ಅವನಿಗೂ ಗಾಬರಿಯಾಗಿತ್ತು. ಮಗುವನ್ನು ಎತ್ತಿಕೊಂಡು ದೊಡ್ಡವರ ಯಂತ್ರದ ಮೇಲೆ ನಿಂತ. ಐವತ್ತೇಳು. ನಲವತ್ತೆಂಟು ಕಳೆದರೂ ಒಂಬತ್ತೇ ಬಂತು. "ಮಗು ಸೊರಗಿಹೋಗಿದೆ ಕಣೇ!"

"ಮಗು ಸರಿಯಾಗೇ ಇದೆ. ನೀವು ಕಮ್ಮಿ ಆಗಿರೋದು," ಅಂದಳು ಹೆಂಡತಿ. "ಆವತ್ತು ಇವರು ಎತ್ಕೊಂಡು ನಿಂತಾಗ ದಪ್ಪ ಇದ್ರು, ನರ್ಸಮ್ಮ. ಈಗ ಇಳಿದಿದ್ದಾರೆ. ಅಷ್ಟೇ."

ನರ್ಸಮ್ಮ ಪೆನ್ನು ಕೆಳಗಿಟ್ಟರು. ಕಡ್ಡಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕಾಯಿಲೆಯ ಮೂಲ ಸಿಕ್ಕಿದ ಸಮಾಧಾನ ಅವರ ಮುಖದಲ್ಲಿತ್ತು.

"ಇದನ್ನ ಮೊದಲೇ ಹೇಳೋದಲ್ವಾ? ತಂದೆ ಇಳಿದಿದ್ದಕ್ಕೆ ಮಗು ಇಳಿದಿದೆ." ಚೀಟಿಯಲ್ಲಿ ಬರೆದರು: "ತಂದೆಗೆ ದಿನಕ್ಕೆ ಮೂರು ಹೊತ್ತು ಪೌಷ್ಟಿಕ ಆಹಾರ. ಮಕ್ಕಳ ತೂಕ ಏರುತ್ತದೆ." ಚೀಟಿ ಹರಿದುಕೊಡುತ್ತ ಹೇಳಿದರು: "ಮುಂದಿನ ತಿಂಗಳು ನೋಡ್ತೀನಿ. ಏರದಿದ್ರೆ ಮಕ್ಕಳನ್ನ ಪತ್ರ ಕೊಟ್ಟ ಸಂಸ್ಥೆಗೇ ವಾಪಸು ಕಳಿಸ್ಬೇಕಾಗುತ್ತೆ. ನಿಯಮ."

ಹೆಂಡತಿ ಪತ್ರವನ್ನು ವಾಪಸು ಇಸಿದುಕೊಂಡಳು. ಪತ್ರದ ಮೇಲಿನ ಮೇಕೆಯ ತಲೆ ನೋಡಿದಳು. ಎರಡೂ ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಮನೆಗೆ ಬಂದು ಊಟಕ್ಕೆ ಕೂತರು. ಕಡ್ಡಿ ಎಂದಿನಂತೆ ಅಂಗೈಯಷ್ಟು ಉಂಡು ಏಳುವುದರಲ್ಲಿದ್ದ. ಹೆಂಡತಿ ಅವನ ತಟ್ಟೆಗೆ ಒಂದು ಸೌಟು ಬಡಿಸಿದಳು.

"ಸಾಕು ಕಣೇ ನನಗೆ."

"ನಿಮಗಲ್ಲ. ದೊಡ್ಡ ಮಗೂಗೆ."

ಕಡ್ಡಿ ಉಂಡ. ಅವಳು ಇನ್ನೊಂದು ಸೌಟು ಬಡಿಸಿದಳು.

"ಇದು?"

"ಚಿಕ್ಕದಕ್ಕೆ."

ಅದನ್ನೂ ಉಂಡ. ಎದುರಿಗೆ ಕೂತ ಮಕ್ಕಳಿಬ್ಬರೂ ಬಾಯಿ ತೆರೆದುಕೊಂಡು ತಟ್ಟೆಯನ್ನೇ ನೋಡುತ್ತಿದ್ದರು. ಹೆಂಡತಿ ಅವರ ಕೆನ್ನೆ ಮುಟ್ಟಿ ನೋಡಿದಳು. ಒಂಚೂರು ತುಂಬಿದ ಹಾಗೆ ಅನ್ನಿಸಿತು.